ಫಾರ್ವರ್ಡ್ ಒತ್ತುವ ಮುನ್ನ: ಮೊಬೈಲಿಗೆ ಬರುವ ಮದ್ದುಗಳ ಬಗ್ಗೆ

ಮೆಂತ್ಯ 250 ಗ್ರಾಂ, ಓಮ 100 ಗ್ರಾಂ, ಕರಿಜೀರಿಗೆ 50 ಗ್ರಾಂ. ಈ ಲೆಕ್ಕ ನಿಮ್ಮ ಮೊಬೈಲಿಗೆ ಒಮ್ಮೆಯಾದರೂ ಬಂದಿರಬೇಕು. ಹುರಿದು ಪುಡಿ ಮಾಡಿ ರಾತ್ರಿ ಮಲಗುವಾಗ ಬಿಸಿನೀರಿನಲ್ಲಿ ಒಂದು ಚಮಚ ಕುಡಿದರೆ ಸಕ್ಕರೆ ಕಾಯಿಲೆ, ಮಂಡಿನೋವು, ಮಲಬದ್ಧತೆ, ಕೂದಲು ಉದುರುವುದು, ಹೃದಯದ ತೊಂದರೆ ಎಲ್ಲವೂ ಮೂರು ತಿಂಗಳಲ್ಲಿ ಹೋಗುತ್ತವೆ ಎನ್ನುತ್ತದೆ ಆ ಸಂದೇಶ. ನಾನು ಶ್ರೀರಂಗಪಟ್ಟಣದಲ್ಲಿ ಕುಳಿತು ರೋಗಿಗಳನ್ನು ನೋಡುವವನು. ವಾರಕ್ಕೊಂದು ದಿನ ಪಾಂಡವಪುರ, ಒಂದು ದಿನ ಕೆ.ಆರ್. ಪೇಟೆ, ಒಂದು ದಿನ ನಾಗಮಂಗಲಕ್ಕೆ ಹೋಗುತ್ತೇನೆ. ನಾನು ಹೋಗುವ ಮೊದಲೇ ಈ ಪುಡಿ ನಾಲ್ಕೂ ಊರು ತಲುಪಿರುತ್ತದೆ.

ಕಳೆದ ವರ್ಷ ಕೆ.ಆರ್. ಪೇಟೆ ಕಡೆಯ ಒಬ್ಬ ತಾಯಿಯನ್ನು ಮಗ ಕರೆದುಕೊಂಡು ಬಂದ. ಮೈಯೆಲ್ಲಾ ಬೆವರು, ಕೈ ನಡುಕ, ಮಾತು ತಡವರಿಕೆ. ಸಕ್ಕರೆ ನೋಡಿದರೆ 48. ಆಕೆ ತನ್ನ ಮಾತ್ರೆಯನ್ನು ಬಿಟ್ಟಿರಲಿಲ್ಲ, ಅದರ ಮೇಲೆ ಈ ಪುಡಿಯನ್ನೂ ದಿನಕ್ಕೆ ಮೂರು ಸಲ ತಿನ್ನುತ್ತಿದ್ದರು. ಒಂದು ಸಲಕ್ಕೆ ಇಷ್ಟು ಗುಣವಾದರೆ ಮೂರು ಸಲಕ್ಕೆ ಇನ್ನಷ್ಟು ಅಲ್ಲವೇ ಎಂಬ ಲೆಕ್ಕ. ಜೊತೆಗೆ ಹಸಿವಿಲ್ಲವೆಂದು ಊಟ ಬಿಟ್ಟಿದ್ದರು. ಮೆಂತ್ಯಕ್ಕೆ ಸಕ್ಕರೆ ಇಳಿಸುವ ಗುಣ ನಿಜವಾಗಿಯೂ ಸ್ವಲ್ಪ ಇದೆ. ಗ್ಲಿಮೆಪಿರೈಡ್‌ನಂತಹ ಮಾತ್ರೆಯ ಜೊತೆ, ಖಾಲಿ ಹೊಟ್ಟೆಯಲ್ಲಿ, ಅದು ಅಪಾಯವೂ ಆಗಬಹುದು. ಇನ್ನು ಕೆಲವರು ಪುಡಿ ಶುರುವಾದ ದಿನವೇ ಇನ್ಸುಲಿನ್ ನಿಲ್ಲಿಸಿ ಬರುತ್ತಾರೆ. ಅವರದು ಉಲ್ಟಾ ತೊಂದರೆ, ಸಕ್ಕರೆ 400 ದಾಟಿರುತ್ತದೆ.

ಪುಡಿಯಲ್ಲಿ ಇನ್ನೊಂದು ಎಡವಟ್ಟಿದೆ. ಹಿಂದಿ ಸಂದೇಶದಲ್ಲಿರುವುದು 'ಕಾಲಿ ಜೀರಿ'. ಅದು ನಮ್ಮ ಕಾಡುಜೀರಿಗೆ. ತುಂಬ ಕಹಿ, ಖಾರ ಗುಣದ್ದು. ಯುನಾನಿಯಲ್ಲಿ ಹೆಚ್ಚಾಗಿ ಹೊಟ್ಟೆಹುಳಕ್ಕೆ, ಕೆಲವು ಚರ್ಮರೋಗಗಳಿಗೆ ಅಳತೆ ನೋಡಿ ಕೊಡುತ್ತೇವೆ. ಗರ್ಭಿಣಿಯರಿಗೆ ಕೊಡುವುದಿಲ್ಲ. ಯಾರೋ ಅದನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದಾಗ 'ಕರಿಜೀರಿಗೆ' ಆಯಿತು. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಕರಿಜೀರಿಗೆ ಕೇಳಿದರೆ ಕೊಡುವುದು ಕಲೋಂಜಿ. ಎರಡೂ ಬೇರೆ ಗಿಡ, ಬೇರೆ ಮದ್ದು. ಒಂದೇ ಸಂದೇಶ ಓದಿದ ಎರಡು ಮನೆಗಳಲ್ಲಿ ಎರಡು ಬೇರೆ ಪುಡಿಗಳು ತಯಾರಾಗುತ್ತವೆ. ಮೇಲೆ ಬಿಸ್ಮಿಲ್ಲಾಹ್, ಕೆಳಗೆ 'ತಿಬ್ಬೆ ನಬವಿ' ಎಂದು ಬರೆದಿದ್ದರಂತೂ ಅನುಮಾನ ಪಡಲು ಯಾರಿಗೂ ಧೈರ್ಯವಿಲ್ಲ.

ಬೇರೆಯವರ ತಪ್ಪನ್ನೇ ಹೇಳುತ್ತಾ ಕೂರುವುದು ನ್ಯಾಯವಲ್ಲ. ನನ್ನದನ್ನೂ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಚಳಿಗಾಲದಲ್ಲಿ ನಮ್ಮ ಕುಟುಂಬದ ಗುಂಪಿಗೆ ಒಣಕೆಮ್ಮಿನ ಜೋಶಾಂದಾ ಬರೆದು ಹಾಕಿದ್ದೆ: ಉನ್ನಾಬ್, ಸಪಿಸ್ತಾನ್, ಜ್ಯೇಷ್ಠಮಧು. ಎಷ್ಟು ಹಾಕಬೇಕು, ಹೇಗೆ ಕುದಿಸಬೇಕು ಎಲ್ಲವನ್ನೂ ಬರೆದೆ. ಐದು ದಿನಕ್ಕಿಂತ ಹೆಚ್ಚು ಬೇಡ, ಬಿ.ಪಿ. ಇರುವವರು ಕುಡಿಯಬಾರದು ಎಂಬುದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೆ. ಜ್ಯೇಷ್ಠಮಧುವನ್ನು ಬಹಳ ದಿನ ತೆಗೆದುಕೊಂಡರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿ.ಪಿ. ಏರುತ್ತದೆ. ಎರಡನೆಯ ಚಳಿಗಾಲಕ್ಕೆ ನಾಗಮಂಗಲದಲ್ಲಿ ಒಬ್ಬ ಹಿರಿಯರು ಕಾಲು ಊದಿಕೊಂಡು ಬಂದರು. ಬಿ.ಪಿ. 190. ಏನು ತೆಗೆದುಕೊಳ್ಳುತ್ತಿದ್ದೀರಿ ಎಂದರೆ ಮೊಬೈಲ್ ತೋರಿಸಿದರು. ನನ್ನದೇ ಸಂದೇಶದ ಸ್ಕ್ರೀನ್‌ಶಾಟ್! ಕೊನೆಯ ಸಾಲು ಕತ್ತರಿಸಿ ಹೋಗಿತ್ತು. ಮೇಲೆ ಯಾರೋ 'ಶ್ವಾಸಕೋಶ ಶುದ್ಧಿ, ದಿನವೂ ಕುಡಿಯಿರಿ' ಎಂದು ಸೇರಿಸಿದ್ದರು. ಅಲ್ಹಮ್ದುಲಿಲ್ಲಾಹ್, ಕಷಾಯ ನಿಲ್ಲಿಸಿ ಬಿ.ಪಿ. ಮಾತ್ರೆ ಸರಿಪಡಿಸಿದ ಮೇಲೆ ಅವರು ಚೇತರಿಸಿಕೊಂಡರು. ಸೇರಿಸಿದವರ ಮೇಲೆ ನನಗೆ ಸಿಟ್ಟು ಬಂತು, ನಿಜ. ಆದರೆ ಎಚ್ಚರಿಕೆಯನ್ನು ಬಾಲದಲ್ಲಿ ಕಟ್ಟಿದವನು ನಾನೇ.

ಅಂದಿನಿಂದ ನಾನು ಬರೆಯುವ ರೀತಿ ಬದಲಾಗಿದೆ. ಯಾರು ತೆಗೆದುಕೊಳ್ಳಬಾರದು ಎಂಬುದೇ ನನ್ನ ಮೊದಲ ಸಾಲು. ನಂತರ ಯಾವ ತೊಂದರೆಗೆ, ಯಾವ ವಯಸ್ಸಿಗೆ, ಎಷ್ಟು ದಿನ. ತಾರೀಖು ಹಾಕುತ್ತೇನೆ, ಹೆಸರು ಹಾಕುತ್ತೇನೆ. ಹೆಸರಿದ್ದರೆ ಕೇಳುವವರಿಗೆ ಒಂದು ಬಾಗಿಲು ಇರುತ್ತದೆ. ಔಷಧಿಯ ಅಳತೆಯನ್ನಂತೂ ಗುಂಪಿಗೆ ಬರೆಯುವುದನ್ನೇ ಬಿಟ್ಟಿದ್ದೇನೆ. ನಬ್ಜ್ ಹಿಡಿಯದೆ, ಮಿಜಾಜ್ ತಿಳಿಯದೆ ಮದ್ದು ಹೇಳಬಾರದೆಂದು ಕಾಲೇಜಿನಲ್ಲಿ ಐದು ವರ್ಷ ಕಲಿತು, ಮೊಬೈಲಿನಲ್ಲಿ ಇನ್ನೂರು ಜನರಿಗೆ ಒಟ್ಟಿಗೆ ಹೇಳುವುದು ಯಾವ ನ್ಯಾಯ? ನೀವು ಫಾರ್ವರ್ಡ್ ಒತ್ತಿದಾಗಲೂ ಆಗುವುದು ಅದೇ. ಪದವಿ ಇಲ್ಲದಿದ್ದರೂ ಆ ಕ್ಷಣಕ್ಕೆ ನೀವು ಹಕೀಮರು, ಆ ಗುಂಪಿನಲ್ಲಿರುವ ಗರ್ಭಿಣಿ, ಕಿಡ್ನಿ ರೋಗಿ, ಮಗು ಎಲ್ಲರೂ ನಿಮ್ಮ ರೋಗಿಗಳು. ಸೂರಃ ಅಲ್ ಹುಜುರಾತ್‌ನ 6ನೇ ವಚನ ಸುದ್ದಿಯನ್ನು ಪರಿಶೀಲಿಸಲು ಹೇಳುವಾಗ ಕೊಡುವ ಕಾರಣವೂ ಇಂಥದೇ: ಅರಿಯದೆ ಜನರಿಗೆ ಕೇಡು ಮಾಡಿಬಿಟ್ಟೀರಿ ಎಂಬುದು.

ಸಂದೇಶದ ಮೇಲೆ ಜೋಡಿ ಬಾಣದ ಗುರುತು ನೋಡಿದ್ದೀರಾ? ಅದು ಮೊದಲು ಬರೆದವರಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದು ಅರ್ಥ. ವಾಟ್ಸಾಪ್ 2018ರಲ್ಲಿ ನಮ್ಮ ದೇಶದಲ್ಲಿ ಒಮ್ಮೆಗೆ ಐದೇ ಕಡೆಗೆ ಕಳಿಸುವಂತೆ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಜೋಡಿ ಬಾಣದವನ್ನು ಒಮ್ಮೆಗೆ ಒಂದೇ ಕಡೆಗೆ ಎಂದಿತು. ಐದು ಕೈ ದಾಟಿದ ಮದ್ದಿನಲ್ಲಿ ಯಾವ ಸಾಲು ಬಿದ್ದುಹೋಗಿದೆ ಎಂದು ನಿಮಗೂ ಗೊತ್ತಿಲ್ಲ, ಕಳಿಸಿದವರಿಗೂ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂಬ ಜಾಹೀರಾತಾದರೆ ಯೋಚಿಸುವುದೇ ಬೇಡ. 1954ರ ಮಾಂತ್ರಿಕ ಔಷಧಗಳ ಕಾಯ್ದೆಯಡಿ ಅಂಥ ಜಾಹೀರಾತೇ ಅಪರಾಧ.

ಮದ್ದಿನ ಸಂದೇಶಗಳಷ್ಟೇ ಆರೋಗ್ಯ ಕೆಡಿಸುತ್ತವೆ ಎಂದುಕೊಳ್ಳಬೇಡಿ. ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳುತ್ತೇವೆ, ಅಸ್ಬಾಬೆ ಸಿತ್ತಾ ಜರೂರಿಯಾ. ಗಾಳಿ ಮತ್ತು ಆಹಾರ ಎಲ್ಲರಿಗೂ ಗೊತ್ತು. ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ ಕೂಡ ಅದರಲ್ಲಿವೆ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಎರಡು ದಿನದ ನಂತರ ಪೊಲೀಸ್ ವ್ಯಾನಿನೊಳಗೆ ಗಣೇಶನ ಮೂರ್ತಿ ಇರುವ ಚಿತ್ರ ದೇಶವೆಲ್ಲಾ ಹರಿದಾಡಿತು. ಅದು ನಾಗಮಂಗಲದ್ದಲ್ಲ. ಗಲಭೆ ಖಂಡಿಸಿ ಬೆಂಗಳೂರಿನ ಟೌನ್‌ಹಾಲ್ ಬಳಿ ನಡೆದ ಪ್ರತಿಭಟನೆಯದ್ದು. ಆ ವಾರಗಳಲ್ಲಿ ನನ್ನ ಬಳಿ ಬಂದವರಿಗೆ ಎದೆ ಹೊಡೆತ, ಹೊಟ್ಟೆಯುರಿ, ನಿದ್ರೆಯಿಲ್ಲ. ಎರಡೂ ಸಮುದಾಯದವರು ಬಂದರು. ರಾತ್ರಿ ಎರಡರವರೆಗೆ ಇಬ್ಬರೂ ನೋಡುತ್ತಿದ್ದದ್ದು ಬೇರೆ ಬೇರೆ ಗುಂಪು, ಹಲವು ಬಾರಿ ಒಂದೇ ಚಿತ್ರ. ನಾನು ಬರೆದುಕೊಟ್ಟ ಮೊದಲ ಚೀಟಿ ಇಶಾ ನಂತರ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡುವುದು, ನನ್ನ ಹಿಂದೂ ರೋಗಿಗಳಿಗೆ ರಾತ್ರಿ ಊಟದ ನಂತರ. ಹೆಚ್ಚಿನವರಿಗೆ ನಿದ್ರೆಯ ಮದ್ದು ಬೇಕಾಗಲಿಲ್ಲ.

ಪಾಂಡವಪುರದ ಒಂದು ಮಹಿಳಾ ಗುಂಪಿನವರು ಈಗ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಆರೋಗ್ಯದ ಸಂದೇಶ ಬಂದರೆ ಮೊದಲು 'ನೀವೇ ತೆಗೆದುಕೊಂಡಿರಾ, ಎಷ್ಟು ದಿನ?' ಎಂದು ಕಳಿಸಿದವರನ್ನು ಕೇಳುತ್ತಾರೆ. ಉತ್ತರ ಬರುವುದು ಅಪರೂಪವಂತೆ. ಗುಂಪಿನಲ್ಲಿ ಹಿರಿಯರು ಹಾಕಿದ್ದನ್ನು ತಪ್ಪು ಎನ್ನಲು ಸಂಕೋಚವಾದರೆ ಅವರಿಗೆ ಬೇರೆಯಾಗಿ ಫೋನ್ ಮಾಡಿ ಹೇಳಿ. ಅನುಮಾನವಿದ್ದರೆ ನಿಮ್ಮ ವೈದ್ಯರನ್ನೋ ಸರ್ಕಾರದ 104 ಆರೋಗ್ಯವಾಣಿಯನ್ನೋ ಕೇಳಬಹುದು. ನೀವೇ ತಪ್ಪು ಕಳಿಸಿದ್ದರೆ ಸುಮ್ಮನೆ ಅಳಿಸಬೇಡಿ. ಓದಿದವರು ಆಗಲೇ ಓದಿರುತ್ತಾರೆ. ಅದೇ ಗುಂಪಿನಲ್ಲಿ 'ಅದು ಸರಿಯಲ್ಲ, ತೆಗೆದುಕೊಳ್ಳಬೇಡಿ' ಎಂದು ಬರೆಯಿರಿ.

ಮೇಲೆ ಹೇಳಿದ ಪುಡಿ ನಿಮ್ಮ ಮನೆಯಲ್ಲಿ ಈಗಲೂ ಇದ್ದರೆ, ಸಕ್ಕರೆಯ ಮಾತ್ರೆ ಇನ್ಸುಲಿನ್ ನಿಲ್ಲಿಸದೆ, ಪುಡಿಯ ಪೊಟ್ಟಣವನ್ನೂ ಮಾತ್ರೆಗಳನ್ನೂ ವೈದ್ಯರ ಬಳಿ ಒಟ್ಟಿಗೆ ತೆಗೆದುಕೊಂಡು ಹೋಗಿ. ನಡುವೆ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ, ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಉಪವಾಸವಿದ್ದರೂ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.