ನಿಲ್ಲಿಸಿದ ಬೈಕಿನಡಿ ಪೆಟ್ರೋಲ್ ಏಕೆ?

ಪ್ರಶ್ನೆ: ರಾತ್ರಿ ನಿಲ್ಲಿಸಿದ ಹಳೇ ಬೈಕಿನಡಿ ಬೆಳಿಗ್ಗೆ ಪೆಟ್ರೋಲ್. ಟ್ಯಾಂಕ್ ತೂತೇ? (ಓದುಗರು, ದೇವಾಲ)

ಉತ್ತರ: ಟ್ಯಾಂಕನ್ನು ಬೈಯುವ ಮೊದಲು ಕಾರ್ಬೊರೇಟರಿನಿಂದ ಇಳಿಬಿದ್ದ ಸಣ್ಣ ರಬ್ಬರ್ ಪೈಪಿನ ತುದಿ ಮುಟ್ಟಿ ನೋಡಿ. ಒದ್ದೆಯಿದ್ದರೆ ತಪ್ಪು ಹೆಚ್ಚಾಗಿ ಫ್ಲೋಟ್ ಸೂಜಿಯದು. ಕಾರ್ಬೊರೇಟರಿನ ಬಟ್ಟಲು ತುಂಬಿದೊಡನೆ ದಾರಿ ಮುಚ್ಚಬೇಕಾದ ಆ ಸೂಜಿಗೆ ಸಾಸಿವೆಗಿಂತ ಸಣ್ಣ ತುಕ್ಕಿನ ಚೂರು ಸಿಕ್ಕಿಕೊಂಡರೂ ಪೆಟ್ರೋಲ್ ಉಕ್ಕುತ್ತದೆ. ನಿಮ್ಮೂರಿನ ಮಳೆ ಗೊತ್ತಲ್ಲ! ಮುಚ್ಚಳದ ರಬ್ಬರ್ ಸವೆದಿದ್ದರೆ ಟ್ಯಾಂಕಿಗೆ ನೀರಿಳಿದು ತುಕ್ಕು ಹುಟ್ಟುತ್ತದೆ. ಶೇ 20 ಎಥನಾಲ್ ಬೆರೆತ ಈಗಿನ ಪೆಟ್ರೋಲ್ ತೇವ ಹೀರುವುದೂ ಹೆಚ್ಚು.

ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಪೆಟ್ರೋಲ್ ಕಾಕ್ ಮುಚ್ಚಿ ಬಟ್ಟಲಿನಡಿಯ ತಿರುಪು ಸಡಿಲಿಸಿ ಪೆಟ್ರೋಲನ್ನು ಡಬ್ಬಿಗೆ ಇಳಿಸಿ. ಕಸ ಬಂದರೆ ಕಾರ್ಬೊರೇಟರ್ ಬಿಚ್ಚಿ ತೊಳೆಸಿ. ಸೂಜಿಯ ತುದಿಯಲ್ಲಿ ಉಂಗುರದಂಥ ಸವೆತ ಕಂಡರೆ ಹೊಸದೇ ಹಾಕಿಸಿ. ಪೈಪು ಒಣಗಿದ್ದು ಕಾಕ್ ಸುತ್ತ ಒದ್ದೆಯೇ? ಅದರ ವಾಷರ್ ನೋಡಿಸಿ. ಎಂಜಿನ್ ಆಯಿಲ್‌ಗೂ ಪೆಟ್ರೋಲ್ ವಾಸನೆ ಹತ್ತಿದ್ದರೆ, ಆಯಿಲ್ ಬದಲಿಸುವ ತನಕ ಕಿಕ್ ಹೊಡೆಯಬೇಡಿ.