ಬೋರ್ಡು ಓದುತ್ತ ಬಸವನಗುಡಿ

ಶಂಕರಮಠದ ಬಳಿಯ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ತಿಂಡಿಪಟ್ಟಿ ಕಣ್ಣು ಹಾಯಿಸುವಷ್ಟರಲ್ಲೇ ಮುಗಿದುಹೋಗುತ್ತದೆ: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಇಲ್ಲ, ಚಟ್ನಿ ಕೇಳಿದಷ್ಟು. 1965ರಿಂದ ನಡೆದುಬಂದ ಜಾಗ. ಆಫೀಸಿನ ಕಿರಿಕಿರಿ ತಲೆಗೇರಿದ ದಿನ ನಾನು ಇತ್ತ ಬರುವುದು ಹಸಿವಿಗಿಂತ ಹೆಚ್ಚಾಗಿ ಈ ಪಟ್ಟಿ ಓದಲು. ನಗಬೇಡಿ. ದಿನವಿಡೀ ಕಣ್ಣಿಗೆ ಬೀಳುವ ಅಕ್ಷರಗಳೆಲ್ಲ ಉತ್ತರ ಬರೆ, ಸಹಿ ಹಾಕು, ಹಣ ಕಟ್ಟು ಎಂದು ಬೆನ್ನು ಹತ್ತುತ್ತವೆ. ಹೋಟೆಲಿನ ಬೋರ್ಡು ಮಾತ್ರ ಏನಿದೆ, ಎಷ್ಟಕ್ಕೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದರೆ 1943ರ ವಿದ್ಯಾರ್ಥಿ ಭವನ. ರಜೆಯ ಬೆಳಗಾದರೆ ಹೆಸರು ಬರೆಸಿ ಹೊರಗೆ ಕಾಯಬೇಕು. ಒಳಗೆ ಗೋಡೆಯ ತುಂಬ ಕನ್ನಡ ಸಾಹಿತಿಗಳ ಚಿತ್ರಗಳು. ಪೂರಿ ಸಾಗು, ರವೆ ವಡೆ ಎಂದು ಒಂದೊಂದನ್ನೇ ಓದಿ, ಅಳೆದು ತೂಗಿ, ಕೊನೆಗೆ ನಾನು ಹೇಳುವುದು ಮಸಾಲೆ ದೋಸೆಯನ್ನೇ. ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರ್‌ಗೆ ಇದು ಮೊದಲೇ ಗೊತ್ತು. "ಮಸಾಲೆ ತಾನೇ ಸಾರ್?" ಎಂದು ಅವರು ಕೇಳಿದ ಮೇಲೂ ನಾನು ಪಟ್ಟಿ ಬಿಡುವುದಿಲ್ಲ.

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಓದು ನಿಧಾನವಾಗುತ್ತದೆ. ಹೋಟೆಲು 1924ರದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆ ಇಡ್ಲಿ ಹುಟ್ಟಿತೆಂಬುದು ಅವರ ಮಾತು. ಬೆಲೆಯ ಸಾಲಿಗೂ ಒಂದು ಚರಿತ್ರೆಯಿದೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿದಾಗ, ಗುಣಮಟ್ಟ ಕೆಡಿಸಲೊಪ್ಪದೆ ಹೋಟೆಲು ಕೆಲಕಾಲ ಬಾಗಿಲು ಹಾಕಿ, ದಿನಸಿ ಮತ್ತು ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಇಳಿಯಿತು. ಮನೆಯ ಕಪಾಟಿನಲ್ಲಿರುವ ರವೆ ಇಡ್ಲಿ ಪೊಟ್ಟಣದ ಮೂಲ ಅಲ್ಲಿದೆ.

ದರ್ಶಿನಿಗಳದ್ದು ಬೇರೆಯೇ ಸುಖ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿಯಿಂದ ಶುರುವಾದ ಈ ನಿಂತು ತಿನ್ನುವ ಪದ್ಧತಿಯಲ್ಲಿ ಕ್ಯಾಷಿಯರ್ ತಲೆಯ ಮೇಲಿನ ಬೋರ್ಡೇ ಎಲ್ಲ. ಹಳೆಯ ದರದ ಮೇಲೆ ಹೊಸ ದರದ ಚೀಟಿ, ಬದಿಯಲ್ಲಿ 'ಚಿಲ್ಲರೆ ಕೊಟ್ಟು ಸಹಕರಿಸಿ'. ಓದುವ ಚಟದವರು ಸಾಲಿನಿಂದ ಪಕ್ಕಕ್ಕೆ ಸರಿದು ನಿಲ್ಲುವುದು ಲೇಸು. ಜನ ಬಾಯ್ತುಂಬ ಕೇಳುವ ಬೈಟು ಕಾಫಿ ಮಾತ್ರ ಬಹಳ ಕಡೆ ಬೋರ್ಡಿನಲ್ಲಿ ಇರುವುದೇ ಇಲ್ಲ.

ಈಚೆಗೆ ಕೆಲವೆಡೆ ಮೇಜಿಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಪಟ್ಟಿ ನೋಡಲು ಮೊಬೈಲ್ ತೆಗೆದರೆ ಮೊದಲು ಕಾಣುವುದು ಆಫೀಸಿನ ಮೆಸೇಜು. ಅಂಥಲ್ಲಿ ಸಪ್ಲೈಯರನ್ನೇ ಕರೆದು ಏನೇನಿದೆ ಎಂದು ಕೇಳುತ್ತೇನೆ. ಇಡ್ಲಿಯಿಂದ ಬಾದಾಮಿ ಹಾಲಿನವರೆಗೆ ಗಡಗಡ ಒಪ್ಪಿಸುತ್ತಾರೆ. ಇನ್ನೊಂದು ಸಲ ಹೇಳಿ ಎಂದರೆ ಮಾತ್ರ ಸಿಡುಕುತ್ತಾರೆ.