ಕೈಚೀಲದ ರಿವಾಲ್ವರ್: ಹಗುರವಾದಷ್ಟೂ ಒಳ್ಳೆಯದೇ?



ನಮ್ಮ ಮಾತುಕತೆಯ ಕಾರ್ಯಕ್ರಮಕ್ಕೆ ನೀವು ಕಳಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಗ್ರಹಣ, ಉಪಗ್ರಹ, ಪರೀಕ್ಷೆಯ ಭಯ ಇಂಥವನ್ನು ಕುರಿತಿರುತ್ತವೆ. ಗದಗ ತಾಲ್ಲೂಕಿನ ಕೋಟುಮಚಗಿಯ ಪದವಿ ವಿದ್ಯಾರ್ಥಿಯೊಬ್ಬರು ಬರೆದ ಪತ್ರ ಬೇರೆ ಬಗೆಯದು. ಅವರ ವೈನಿ, ಅಂದರೆ ಅಣ್ಣನ ಹೆಂಡತಿ, ಗದಗಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಪಾಳಿ ಮುಗಿಸಿ ರಾತ್ರಿ ಬಸ್ಸಿಗೆ ಊರಿಗೆ ಬಂದು, ನಿಲ್ದಾಣದಿಂದ ಮನೆಯವರೆಗೆ ಕತ್ತಲಲ್ಲಿ ಒಬ್ಬರೇ ನಡೆಯಬೇಕು. ಅಣ್ಣ ಆಕೆಗೆ ಒಂದು ಸಣ್ಣ ರಿವಾಲ್ವರ್ ಕೊಡಿಸುವ ವಿಚಾರದಲ್ಲಿದ್ದಾರೆ. "ಪರ್ಸಿನ್ಯಾಗ ಹಿಡಿಯೂವಂಥಾದ್ದು ಬೇಕು. ಹಗುರ ಇದ್ದಷ್ಟು ಛಲೋ ಅಲ್ಲೇನ್ರಿ?" ಎಂಬುದು ಪತ್ರದ ಪ್ರಶ್ನೆ.

ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡುವುದು ಕಷ್ಟ. ಇದರಲ್ಲಿ ಭೌತಶಾಸ್ತ್ರವಿದೆ, ಕಾಯಿದೆಯಿದೆ, ಇವೆರಡೂ ಅಲ್ಲದ ಇನ್ನೊಂದು ಸಂಗತಿಯೂ ಇದೆ. ಹಾಗಾಗಿ ಇಲ್ಲಿ ವಿವರವಾಗಿ ನೋಡೋಣ.

ಅಣ್ಣನಿಗೆ ಬಂದ ಆಲೋಚನೆ ಸರ್ಕಾರಿ ಕಾರ್ಖಾನೆಗೂ ಬಂದಿತ್ತು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸೊಂದರಲ್ಲಿ ಯುವತಿಯೊಬ್ಬಳ ಮೇಲೆ ನಡೆದ ಅತ್ಯಾಚಾರ ದೇಶವನ್ನೇ ಕಲಕಿತು. ಪತ್ರಿಕೆಗಳು ಆಕೆಯನ್ನು ನಿರ್ಭಯಾ ಎಂದು ಕರೆದವು. 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ ಮಹಿಳೆಯರಿಗೆಂದೇ ಒಂದು ರಿವಾಲ್ವರ್ ಹೊರತಂದು ಅದಕ್ಕೆ 'ನಿರ್ಭೀಕ್' ಎಂದು ಹೆಸರಿಟ್ಟಿತು. ಟೈಟಾನಿಯಂ ಮಿಶ್ರಲೋಹದ ಮೈ, ಆರು ಗುಂಡು, ತೂಕ 500 ಗ್ರಾಂ, ಆಗಿನ ಬೆಲೆ 1,22,360 ರೂಪಾಯಿ. ಒಡವೆ ಇಡುವಂಥ ಕೆಂಗಂದು ಬಣ್ಣದ ಪೆಟ್ಟಿಗೆಯಲ್ಲಿಟ್ಟು ಅದನ್ನು ಕೊಡುತ್ತಿದ್ದರು. ಗಂಡಸರ ರಿವಾಲ್ವರಿಗೆ ಯಾರೂ ಒಡವೆಪೆಟ್ಟಿಗೆ ಮಾಡಿಸಿದಂತಿಲ್ಲ!

ನಿರ್ಭೀಕ್ .32 ಬೋರಿನದು. ಅಂಗುಲವನ್ನು ನೂರು ಪಾಲು ಮಾಡಿದರೆ ಅದರಲ್ಲಿ 32 ಪಾಲಿನಷ್ಟು, ಅಂದರೆ ಸುಮಾರು 8 ಮಿಲಿಮೀಟರ್ ದಪ್ಪದ ಗುಂಡು. ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ 9 ಮಿಲಿಮೀಟರ್, .38 ಮುಂತಾದ ಬೋರುಗಳ ಕೈಬಂದೂಕು ಸಿಗುವುದಿಲ್ಲ. ಅವು ಸೇನೆ ಮತ್ತು ಪೊಲೀಸರ ಬಳಕೆಯ ಬೋರುಗಳಾದ್ದರಿಂದ ನಿಷೇಧಿತ ವರ್ಗದಲ್ಲಿವೆ. ವಿದೇಶಿ ಚಲನಚಿತ್ರಗಳಲ್ಲಿ ಕಾಣುವ ಪಿಸ್ತೂಲುಗಳ ಪಟ್ಟಿ ಹಿಡಿದು ಇಲ್ಲಿ ಆಯ್ಕೆಗೆ ಕೂರುವುದರಲ್ಲಿ ಅರ್ಥವಿಲ್ಲ.

ಈಗ 500 ಗ್ರಾಂ ಎಂದರೆ ಎಷ್ಟು? ಅರ್ಧ ಲೀಟರ್ ನೀರಿನ ತೂಕ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ನಿಮ್ಮ ಹೆಗಲ ಚೀಲದಲ್ಲಿ ಇಟ್ಟುಕೊಂಡು ಓಡಾಡಿ ನೋಡಿ. ಅಷ್ಟೇನೂ ತೊಂದರೆಯಿಲ್ಲ. ಸರ್ಕಾರಿ ಕಾರ್ಖಾನೆಗಳದೇ ಹಳೆಯ .32 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ. ಇನ್ನೂರು ಗ್ರಾಂ ಉಳಿಯಿತು, ಹೊರುವವರಿಗೆ ಸುಖವಾಯಿತು. ಇಲ್ಲಿಯವರೆಗೆ ಅಣ್ಣನ ಲೆಕ್ಕ ಸರಿ.

ಆದರೆ ಗುಂಡು ಹಾರಿದಾಗ ಏನಾಗುತ್ತದೆ? ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ನೆನಪಿಸಿಕೊಳ್ಳಿ. ಸಂವೇಗ ಎಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು. ಗುಂಡು ಎಷ್ಟು ಸಂವೇಗದಿಂದ ಮುಂದೆ ಹೋಗುತ್ತದೋ ಅಷ್ಟೇ ಸಂವೇಗದಿಂದ ಬಂದೂಕು ಹಿಂದೆ ಬರಬೇಕು. ಪರೀಕ್ಷೆಯಲ್ಲಿ ನೀವು ಎಷ್ಟೋ ಸಲ ಮಾಡಿರುವ ಲೆಕ್ಕ ಇದು. ಗುಂಡಿನ ತೂಕ 6 ಗ್ರಾಂ, ವೇಗ ಸೆಕೆಂಡಿಗೆ 200 ಮೀಟರ್ ಎಂದು ಇಟ್ಟುಕೊಳ್ಳೋಣ; .32 ರಿವಾಲ್ವರಿಗೆ ಇದು ವಾಸ್ತವಕ್ಕೆ ಹತ್ತಿರದ ಅಂಕಿ. 700 ಗ್ರಾಂ ರಿವಾಲ್ವರ್ ಸೆಕೆಂಡಿಗೆ 1.7 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. 500 ಗ್ರಾಂ ರಿವಾಲ್ವರ್ ಒದೆಯುವುದು 2.4 ಮೀಟರ್ ವೇಗದಲ್ಲಿ. ಅಂಗೈಗೆ ತಗಲುವ ಚಲನಶಕ್ತಿಯನ್ನು ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 1.03 ಜೂಲ್, ಎರಡನೆಯದು 1.44 ಜೂಲ್. ತೂಕದಲ್ಲಿ ಇನ್ನೂರು ಗ್ರಾಂ ಇಳಿಸಿದ್ದಕ್ಕೆ ಒದೆತ ಶೇಕಡಾ 40ರಷ್ಟು ಹೆಚ್ಚಾಯಿತು. ಮದ್ದಿನ ಅನಿಲಗಳ ಪಾಲನ್ನು ಇಲ್ಲಿ ಸೇರಿಸಿಲ್ಲ. ಸೇರಿಸಿದರೆ ಎರಡೂ ಅಂಕಿಗಳು ಇನ್ನಷ್ಟು ಏರುತ್ತವೆ.

ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲ್ ಹಾರಿಸಿದವರು "ನಮಗೆ ಏನೂ ಆಗಲಿಲ್ಲವಲ್ಲ" ಎನ್ನಬಹುದು. ಆಗುವುದಿಲ್ಲ, ಏಕೆಂದರೆ ಅಲ್ಲಿ ಮೂರು ಗ್ರಾಮಿಗೂ ಕಡಿಮೆ ತೂಕದ ಗುಂಡನ್ನು ಕಿಲೋಗಟ್ಟಲೆ ತೂಗುವ ರೈಫಲ್ ಹಾರಿಸುತ್ತದೆ, ಜೊತೆಗೆ ಒದೆತವನ್ನು ಹೆಗಲು ತಡೆಯುತ್ತದೆ. ಕೈಬಂದೂಕಿನ ಒದೆತವನ್ನು ತಡೆಯಬೇಕಾದದ್ದು ಮಣಿಕಟ್ಟು. ನಮ್ಮ ವೃತ್ತಿಯಲ್ಲೂ ಇದನ್ನು ಕಾಣಬಹುದು. ಹಳೆಯ ಭಾರದ ಕ್ಯಾಮೆರಾ ಹೊತ್ತ ಛಾಯಾಗ್ರಾಹಕನ ಹೆಗಲು ಸಂಜೆಗೆ ಬಿದ್ದುಹೋಗುತ್ತಿತ್ತು, ಆದರೆ ಚಿತ್ರ ಅಲುಗುತ್ತಿರಲಿಲ್ಲ. ಅಂಗೈಯಗಲದ ಕ್ಯಾಮೆರಾ ಬಂದ ಮೇಲೆ ಹೆಗಲಿಗೆ ಆರಾಮ, ಚಿತ್ರಕ್ಕೆ ನಡುಕ. ಜಡತ್ವ ಹೊರುವಾಗ ಶತ್ರು, ಹಿಡಿಯುವಾಗ ಮಿತ್ರ.

ಟ್ರಿಗರಿನ ವಿಷಯ ಇನ್ನೂ ಸೂಕ್ಷ್ಮ. ರಿವಾಲ್ವರಿನಲ್ಲಿ ಬೆರಳೊಂದೇ ಎಳೆತದಲ್ಲಿ ಹ್ಯಾಮರನ್ನು ಹಿಂದಕ್ಕೆ ಎತ್ತಬೇಕು, ಗುಂಡುಗಳ ಚಕ್ರವನ್ನು ತಿರುಗಿಸಬೇಕು, ಮತ್ತೆ ಹ್ಯಾಮರನ್ನು ಬಿಡಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕೈದು ಕಿಲೋ ತೂಕ ಎತ್ತುವಷ್ಟು ಬಲ ಬೇಕಾಗುತ್ತದೆ. ಅರ್ಧ ಕಿಲೋ ತೂಕದ ವಸ್ತುವನ್ನು ನಾಲ್ಕೈದು ಕಿಲೋ ಬಲದಿಂದ ಎಳೆದರೆ ವಸ್ತುವೇ ಓಲಾಡುತ್ತದೆ. ನಳಿಕೆ ಗಿಡ್ಡವಾದರೆ ಅದೂ ಕಷ್ಟವೇ. ಗುರಿ ಹಿಡಿಯುವ ಎರಡು ಗುರುತುಗಳ ನಡುವಿನ ಅಂತರ 10 ಸೆಂಟಿಮೀಟರ್ ಇದ್ದು, ಕೈ ಒಂದೇ ಒಂದು ಮಿಲಿಮೀಟರ್ ಸರಿಯಿತೆನ್ನಿ. ಸಮರೂಪ ತ್ರಿಭುಜಗಳ ಲೆಕ್ಕದಂತೆ 10 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಂತರ 20 ಸೆಂಟಿಮೀಟರ್ ಇದ್ದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಶಬ್ದವನ್ನಂತೂ ಮರೆಯಬೇಡಿ: ಕೈಬಂದೂಕಿನ ಸದ್ದು 140 ಡೆಸಿಬೆಲ್ ದಾಟುತ್ತದೆ, ಕಿವಿಗೆ ಶಾಶ್ವತ ಹಾನಿ ಮಾಡಲು ಅದು ಸಾಕು.

ಹೀಗೆ ಹೊರಲು ಹಿತವಾದದ್ದು ಹಾರಿಸಲು ಅಹಿತ, ಹಾರಿಸಲು ಹಿತವಾದದ್ದು ಹೊರಲು ಅಹಿತ. ತಯಾರಕರು ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತಾರೆ. 2021ರ ಅಕ್ಟೋಬರಿನಲ್ಲಿ ಸರ್ಕಾರಿ ಶಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಲಾಯಿತು. ಅವುಗಳಲ್ಲಿ ಕಾನ್ಪುರದ ಕಂಪನಿ 2023ರ ಆಗಸ್ಟಿನಲ್ಲಿ 'ಪ್ರಬಲ್' ಎಂಬ ಹೊಸ .32 ರಿವಾಲ್ವರನ್ನು ತಂದಿತು. ಅದರ ಪ್ರಚಾರದಲ್ಲಿ ಟ್ರಿಗರ್ ಎಳೆಯುವುದು ಸುಲಭ ಎಂಬ ಮಾತಿಗೆ ಮಹತ್ವ ಕೊಟ್ಟಿದ್ದನ್ನು ಗಮನಿಸಬೇಕು. ಆದರೆ ಯಾರ ಬೆರಳಿಗೆ ಸುಲಭ? ಹಿಡಿಯ ಹಿಂಬದಿಯಿಂದ ಟ್ರಿಗರಿನವರೆಗಿನ ದೂರ, ಅಂಗೈಯ ಅಗಲ, ಮಣಿಕಟ್ಟಿನ ಬಲ ಇವು ಒಬ್ಬೊಬ್ಬರಿಗೆ ಒಂದೊಂದು ರೀತಿ. ಚಪ್ಪಲಿಯನ್ನು ಕೂಡ ನಾವು ಮತ್ತೊಬ್ಬರ ಕಾಲಿನ ಅಂದಾಜಿನಲ್ಲಿ ಕೊಳ್ಳುವುದಿಲ್ಲ.

ಇಲ್ಲಿಯೇ ಕಾಯಿದೆ ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಮೂರನೆಯ ಕಲಮಿನಂತೆ ಪರವಾನಗಿ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ಇರುವುದು ವ್ಯಕ್ತಿಗೆ. ಗಂಡನ ಹೆಸರಿನ ರಿವಾಲ್ವರನ್ನು ಹೆಂಡತಿ ಚೀಲದಲ್ಲಿಟ್ಟುಕೊಂಡು ಒಬ್ಬಳೇ ಬಸ್ ಹತ್ತಿದರೆ ಅದು ಅಪರಾಧ. ಅಂದರೆ ಅಣ್ಣ 'ಕೊಡಿಸುವ' ಪ್ರಶ್ನೆಯೇ ಇಲ್ಲ. ವೈನಿಯವರೇ ತಮ್ಮ ಹೆಸರಿನಲ್ಲಿ, ತಮ್ಮ ಕಾರಣ ಬರೆದು, ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸರು ವಿಚಾರಣೆ ಮಾಡಿ ವರದಿ ಕೊಡುತ್ತಾರೆ. 2016ರ ನಿಯಮಗಳ ಪ್ರಕಾರ ಶಸ್ತ್ರ ಸುರಕ್ಷತೆಯ ತರಬೇತಿಯೂ ಬೇಕು. ಇಪ್ಪತ್ತೊಂದು ತುಂಬದವರಿಗೆ ಪರವಾನಗಿ ಇಲ್ಲ, ಇದು ನಿಮ್ಮಲ್ಲಿ ಹೆಚ್ಚಿನವರಿಗೆ ಅನ್ವಯಿಸುತ್ತದೆ. ಅದೇ 2016ರ ನಿಯಮಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ: ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಚೀಲ ಅಥವಾ ಒರೆಯಲ್ಲಿ, ಪೂರ್ತಿ ಮುಚ್ಚಿಯೇ ಒಯ್ಯಬೇಕು, ಮತ್ತು ಅದು ಒಯ್ಯುವವರ ಹತೋಟಿಯಲ್ಲಿರಬೇಕು. ಮರೆಯಲ್ಲಿ ಇಡುವುದು ಇಲ್ಲಿ ಜಾಣತನದ ಮಾತಲ್ಲ, ನಿಯಮ. ಬೀಗದ ಕೈ, ಬಾಚಣಿಕೆ, ಚಿಲ್ಲರೆ ಜೊತೆಗೆ ಪರ್ಸಿನಲ್ಲಿ ಬಿಡಿಬಿಡಿಯಾಗಿ ಹಾಕಿಕೊಳ್ಳುವುದು ನಿಯಮಕ್ಕೂ ವಿರುದ್ಧ, ಅಪಾಯಕ್ಕೂ ಆಹ್ವಾನ.

ಗದಗ ಸೀಮೆಯವರಿಗೆ ಈ ಪರವಾನಗಿಯ ಹಿಂದಿನ ಕಥೆ ಗೊತ್ತಿರಲೇಬೇಕು. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುವ ಕಾಯಿದೆ ತಂದಾಗ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಒಪ್ಪದೆ ದಂಗೆ ಎದ್ದರು. ಮರುವರ್ಷವೇ ಮುಂಡರಗಿಯ ಭೀಮರಾಯರು, ನರಗುಂದದ ಬಾಬಾಸಾಹೇಬರು ಬಂಡಾಯ ಹೂಡಿದರು. 1878ರ ಕಾಯಿದೆ ಆ ಹಿಡಿತವನ್ನು ದೇಶಕ್ಕೆಲ್ಲ ಬಿಗಿಗೊಳಿಸಿತು. ಸ್ವತಂತ್ರ ಭಾರತ ಅದನ್ನು ತೆಗೆದು 1959ರ ಕಾಯಿದೆ ಮಾಡಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಹಿಂದಿನಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಉಳಿದ ಕನ್ನಡಿಗರೆಲ್ಲ ಅರ್ಜಿ ಹಾಕಬೇಕು.

ಕೋಟುಮಚಗಿಯ ಪತ್ರವನ್ನು ನಾನು ಎರಡು ಸಲ ಓದಿದೆ. ಅಣ್ಣ ಏನನ್ನುತ್ತಾರೆ ಎಂದಿದೆ, ತಮ್ಮ ಏನನ್ನುತ್ತಾರೆ ಎಂದಿದೆ. ವೈನಿ ಏನನ್ನುತ್ತಾರೆ ಎಂಬುದು ಎಲ್ಲೂ ಇಲ್ಲ. ಆಸ್ಪತ್ರೆಯಲ್ಲಿ ದಿನವೂ ಗಾಯಗಳನ್ನು ನೋಡುವ ಹೆಣ್ಣುಮಗಳು ಆಕೆ. ಮತ್ತೊಬ್ಬರ ಮೇಲೆ ಗುಂಡು ಹಾರಿಸಲು ತಮಗೆ ಸಾಧ್ಯವೇ ಎಂಬುದನ್ನು ಆಕೆಯೇ ಹೇಳಬೇಕು. ಸಾಧ್ಯವಿಲ್ಲ ಎನ್ನುವವರ ಚೀಲದಲ್ಲಿ ರಿವಾಲ್ವರ್ ಇದ್ದರೆ ಅದು ಕಸಿದುಕೊಳ್ಳುವವನಿಗೆ ಸಿಗುವ ಆಯುಧ.

ಅಪಾಯ ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನೂ ಯೋಚಿಸಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಹೊರತರುವ ವರದಿಗಳನ್ನು ನೋಡಿದರೆ, ಮಹಿಳೆಯರ ವಿರುದ್ಧದ ಅಪರಾಧಗಳಲ್ಲಿ ಅತಿ ದೊಡ್ಡ ಪಾಲು ಗಂಡ ಅಥವಾ ಅವನ ಕಡೆಯವರ ಕ್ರೌರ್ಯದ್ದು. ಅತ್ಯಾಚಾರದ ಪ್ರಕರಣಗಳಲ್ಲೂ ಆರೋಪಿ ಬಹುಪಾಲು ಗುರುತಿನವನೇ. ಗುರುತಿನವನು ಹತ್ತು ಮೀಟರ್ ದೂರದಿಂದ ಎಚ್ಚರಿಕೆ ಕೊಟ್ಟು ಬರುವುದಿಲ್ಲ. ಅಪರಿಚಿತನೇ ಆದರೂ ಕತ್ತಲಲ್ಲಿ ಹಿಂದಿನಿಂದ ಬಂದರೆ, ಚೀಲದ ಜಿಪ್ ತೆಗೆದು, ಒರೆ ಬಿಚ್ಚಿ, ಹಿಡಿದು, ಗುರಿ ನೋಡುವಷ್ಟು ಸೆಕೆಂಡುಗಳು ಸಿಗುವುದು ಅಪರೂಪ. ಆತ್ಮರಕ್ಷಣೆಯ ಹಕ್ಕನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 34ರಿಂದ 44ರವರೆಗಿನ ಕಲಮುಗಳಲ್ಲಿ ಕೊಟ್ಟಿದೆ, ಹಳೆಯ ದಂಡ ಸಂಹಿತೆಯಲ್ಲೂ ಇತ್ತು. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪರ್ಸ್ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಹೊಡೆದ ಗುಂಡನ್ನು ನ್ಯಾಯಾಲಯದಲ್ಲಿ ಸಮರ್ಥಿಸುವುದು ಸುಲಭವಲ್ಲ.

ನಿಲ್ದಾಣದಿಂದ ಮನೆಯವರೆಗಿನ ಆ ದಾರಿಗೆ ಬೀದಿದೀಪ ಹಾಕಿಸುವುದು 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯಿತಿಯ ಕರ್ತವ್ಯ. ಲಕ್ಷ ರೂಪಾಯಿಯ ರಿವಾಲ್ವರಿಗೆ ಮೊದಲು ಆ ಅರ್ಜಿ ಹೋಗಲಿ ಎನ್ನುವುದು ನನ್ನ ಅಭಿಪ್ರಾಯ. ಪೊಲೀಸರ ತುರ್ತು ಸಂಖ್ಯೆ 112 ಮೊಬೈಲಿನಲ್ಲಿ ಒಂದೇ ಒತ್ತಿಗೆ ಸಿಗುವಂತಿರಲಿ. ಪಾಳಿ ಮುಗಿಯುವ ಹೊತ್ತಿಗೆ ಅಣ್ಣ ನಿಲ್ದಾಣಕ್ಕೆ ಹೋಗಿ ನಿಲ್ಲುವುದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.

ಇಷ್ಟೆಲ್ಲ ಆದ ಮೇಲೂ ವೈನಿಯವರೇ ತಮಗೆ ಬೇಕು ಎಂದರೆ? ಆಗ ಮೊದಲ ಹೆಜ್ಜೆ ಅಂಗಡಿ ಅಲ್ಲ, ತರಬೇತಿ. ನಮ್ಮ ರಾಜ್ಯದ ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಹೆಣ್ಣುಮಕ್ಕಳೂ ಸೇರಬಹುದು. ಬಂದೂಕು ಹಿಡಿದು ಹತ್ತು ಸುತ್ತು ಹಾರಿಸಿದ ಮೇಲೆ ತಮಗೆ ಇದು ಆಗುತ್ತದೋ ಇಲ್ಲವೋ ಅವರಿಗೇ ತಿಳಿಯುತ್ತದೆ. ಪರವಾನಗಿ ಸಿಕ್ಕ ಮೇಲೆ ಅಂಗಡಿಯಲ್ಲಿ ಖಾಲಿ ರಿವಾಲ್ವರುಗಳನ್ನು ತಮ್ಮ ಕೈಯಲ್ಲೇ ಹಿಡಿದು ನೋಡಬೇಕು. ಹಿಡಿಯಲ್ಲಿ ಕಿರುಬೆರಳಿಗೂ ಜಾಗವಿದೆಯೇ, ತೋರುಬೆರಳು ಆಯಾಸವಿಲ್ಲದೆ ಟ್ರಿಗರನ್ನು ಮುಟ್ಟುತ್ತದೆಯೇ, ಪೂರ್ತಿ ಎಳೆಯುವಾಗ ನಳಿಕೆಯ ತುದಿ ಅಲುಗುತ್ತದೆಯೇ ಎಂದು ನಿಧಾನವಾಗಿ ಪರೀಕ್ಷಿಸಬೇಕು. ಎರಡು ರಿವಾಲ್ವರುಗಳಲ್ಲಿ ಒಂದು ನೂರಿನ್ನೂರು ಗ್ರಾಂ ಭಾರವಾಗಿದ್ದು ಕೈಯಲ್ಲಿ ಸ್ಥಿರವಾಗಿ ನಿಂತರೆ, ಭಾರದ್ದೇ ಮೇಲು.

ಮನೆಯಲ್ಲಿ ಮಕ್ಕಳಿದ್ದರೆ ಬಂದೂಕು ಒಂದು ಕಡೆ, ಕಾಡತೂಸು ಇನ್ನೊಂದು ಕಡೆ, ಎರಡಕ್ಕೂ ಬೀಗ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ; ಅದು ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಕೊಡಬೇಕು. ಚುನಾವಣೆ ಘೋಷಣೆಯಾಗಿ ಆಯುಧವನ್ನು ಒಪ್ಪಿಸಲು ಆದೇಶ ಬಂದರೆ ಠಾಣೆಗೆ ಕೊಟ್ಟು ರಸೀದಿ ಪಡೆಯಬೇಕು. ಆ ವಾರಗಳಲ್ಲಿ ವೈನಿಯವರ ಚೀಲದಲ್ಲಿ ಟಾರ್ಚ್ ಮತ್ತು ಮೊಬೈಲ್ ಮಾತ್ರ ಇರುತ್ತವೆ.